ಕಡಲು ದೊಡ್ಡದು, ಅವುಗಳ ಜಾಗ ಚಿಕ್ಕದು

ಗದಗ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಡಾಲ್ಫಿನ್ನಿಗೆ ಎರಡು ಪುಟ ಕೊಟ್ಟಿದ್ದೀರಿ. ನಮ್ಮ ಕಡೆ ಕುಡಿಯುವ ನೀರಿಗೇ ತತ್ವಾರ. ಡಾಲ್ಫಿನ್ ಕೊಲ್ಲಬಾರದು ಅಂತ ಕಾನೂನು ಇದ್ದೇ ಇದೆ. ಅದರ ಜಾಗವನ್ನೂ ಬೇರೆ ಕಾಯಬೇಕೆ? ಅಷ್ಟು ದೊಡ್ಡ ಸಮುದ್ರ, ಇಲ್ಲಿ ತೊಂದರೆಯಾದರೆ ಇನ್ನೊಂದು ಕಡೆ ಹೋಗುತ್ತವೆ. ಇರಲಿ, ರಜೆಯಲ್ಲಿ ಮಕ್ಕಳಿಗೆ ಡಾಲ್ಫಿನ್ ತೋರಿಸಲು ಕಾರವಾರಕ್ಕೆ ಹೋಗಬೇಕು ಅಂತಿದ್ದೇನೆ. ಹೋಗಬಹುದಾ?"

ನೀರಿನ ಮಾತು ಒಪ್ಪಿದೆ, ಅದನ್ನೂ ಬರೆಯುತ್ತಲೇ ಇದ್ದೇವೆ. ಆದರೆ ಕಾನೂನು ಇದೆಯಲ್ಲ ಅನ್ನುವ ಮಾತಿಗೆ ಸುಮ್ನೆ ತಲೆಯಾಡಿಸಲು ಆಗುವುದಿಲ್ಲ. ಕೃಷ್ಣಮೃಗವನ್ನು ಬೇಟೆಯಾಡಿದರೂ ಜೈಲು. ಆದರೂ 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯ ಮಾಡಿದರು. ಮೇಯಲು ಹುಲ್ಲು, ಓಡಲು ಬಯಲು ಇಲ್ಲ ಅಂದಮೇಲೆ ಅದನ್ನು ಮುಗಿಸಲು ಬಂದೂಕೇ ಬೇಕಿಲ್ಲ, ಅಲ್ವಾ? ಡಾಲ್ಫಿನ್ನಿಗೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಜಾಗವಿದೆ. ನೀರಿನಲ್ಲಿ ಇದೆಯೇ ಅನ್ನುವುದು ನಮ್ಮ ಪ್ರಶ್ನೆ.

ಉತ್ತರ ಕನ್ನಡದ ದಡದಲ್ಲಿ ಕಾಣುವುದು ಗೂನುಬೆನ್ನಿನ ಡಾಲ್ಫಿನ್. ಅದು ನಡುಗಡಲಿನ ಪ್ರಾಣಿಯಲ್ಲ. ಹೆಚ್ಚೆಂದರೆ 25-30 ಮೀಟರ್ ಆಳದ ನೀರು, ದಡಕ್ಕೆ ಅಂಟಿದ ಒಂದು ಪಟ್ಟಿ, ಅಷ್ಟೇ ಅದರ ಲೋಕ. ಅದರಲ್ಲೂ ಕಾಳಿ, ಗಂಗಾವಳಿ, ಅಘನಾಶಿನಿಯಂಥ ಹೊಳೆಗಳು ಸಮುದ್ರ ಸೇರುವ ಅಳಿವೆ ಅಂದರೆ ಊಟದ ಮನೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ಮರಿಮೀನು ಬೆಳೆಯುವುದು ಅಲ್ಲೇ. ನಮಗೆ ಬಂದರು ಕಟ್ಟಲು, ಹೂಳೆತ್ತಲು, ಬಲೆ ಬಿಡಲು ಬೇಕಾಗಿರುವುದೂ ಅದೇ ಪಟ್ಟಿ. ಇನ್ನೊಂದು ಕಡೆ ಹೋಗಲಿ ಅಂದರೆ ಎಲ್ಲಿಗೆ?

ಅದರ ಜೊತೆಗೇ ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ ಪಾರ್ಪಾಯಿಸ್ ಕೂಡ ಇದೆ, ಡಾಲ್ಫಿನ್ನಿನ ಹತ್ತಿರದ ನೆಂಟ. ಪುಕ್ಕಲು ಪ್ರಾಣಿ. ಹಾರುವುದಿಲ್ಲ, ಕುಣಿಯುವುದಿಲ್ಲ. ಉಸಿರಿಗೆಂದು ನುಣುಪು ಬೆನ್ನು ಒಂದಿಷ್ಟು ತೋರಿಸಿ ಮುಳುಗಿಬಿಡುತ್ತದೆ. ಪ್ರವಾಸಿಗರ ಫೋಟೋಕ್ಕೆ ಸಿಗದ್ದಕ್ಕೋ ಏನೋ, ಅದರ ಪರವಾಗಿ ಮಾತಾಡುವವರೂ ಕಡಿಮೆ. ಇವೆರಡೂ ನಮ್ಮ ಹಾಗೆ ಗಾಳಿ ಉಸಿರಾಡುವ ಜೀವಿಗಳು. ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಹುಡುಕುತ್ತವೆ. ತೆಳ್ಳನೆಯ ನೈಲಾನ್ ಎಳೆಯಿಂದ ಆ ಪ್ರತಿಧ್ವನಿ ಸರಿಯಾಗಿ ಬರುವುದಿಲ್ಲ. ಬಲೆಗೆ ಸಿಕ್ಕರೆ ಮೇಲೆ ಬರಲಾಗದೆ ಉಸಿರುಗಟ್ಟಿ ಸಾಯುತ್ತವೆ. ಹೆರುವುದು ಒಂದು ಸಲಕ್ಕೆ ಒಂದೇ ಮರಿ. ಹಾಗಾಗಿ ಕಳೆದುಕೊಂಡದ್ದು ಬೇಗ ತುಂಬುವುದಿಲ್ಲ.

ಕಾಗದದ ಮೇಲೆ ಗೆರೆ ಎಳೆದರೂ ಸಾಲದು. ಮೆಕ್ಸಿಕೋದ ವಕೀಟಾ ಅನ್ನುವ ಪುಟ್ಟ ಪಾರ್ಪಾಯಿಸ್‌ಗೆ 1993ರಲ್ಲೇ ಸಂರಕ್ಷಿತ ವಲಯ ಮಾಡಿದರು. ಬಲೆಗಳು ಮಾತ್ರ ನೀರಲ್ಲೇ ಉಳಿದವು. 1997ರ ಅಂದಾಜಿನಲ್ಲಿ 600ರ ಹತ್ತಿರವಿದ್ದದ್ದು ಈಗ ಹತ್ತರ ಆಸುಪಾಸಿಗೆ ಬಂದಿದೆ. ಅದಕ್ಕೇ ಮೀನುಗಾರರನ್ನು ಹೊರಗಿಟ್ಟು ಮಾಡುವ ಯೋಜನೆಯಲ್ಲಿ ನನಗೆ ನಂಬಿಕೆಯಿಲ್ಲ. ಮೀನುಗಾರಿಕೆ ನಿಷೇಧವಿರುವ ಜೂನ್-ಜುಲೈನ 61 ದಿನ ಯಾಂತ್ರಿಕ ದೋಣಿಗಳು ದಡದಲ್ಲೇ ಇರುತ್ತವೆ. ಅಳಿವೆಯ ಬಾಯಲ್ಲಿ ಎಲ್ಲಿ, ಯಾವಾಗ ಬಲೆ ಬೇಡ ಅನ್ನುವುದನ್ನೂ ಅವರ ಜೊತೆ ಕೂತೇ ತೀರ್ಮಾನಿಸಬೇಕು.

ಬಯಲುಸೀಮೆಗೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ, ಗಂಗಾವಳಿಯಾಗಿ ಗೋಕರ್ಣದ ಹತ್ತಿರ ಕಡಲಿಗೆ ಬೀಳುತ್ತಾಳೆ. ನಾವು ಅವಳಿಗೆ ಸುರಿದ ಕೊಳೆಯೂ ಜೊತೆಗೇ ಹೋಗುತ್ತದೆ. ನಿಮ್ಮ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಎರಡೂ 2024ರಲ್ಲಿ ಒಟ್ಟಿಗೇ ರಾಮ್ಸರ್ ಪಟ್ಟಿ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ಪಟ್ಟಿ, ಸೇರಿದವು.

ಕಾರವಾರಕ್ಕೆ ಖಂಡಿತ ಹೋಗಿ. ಆದರೆ ಡಾಲ್ಫಿನ್ ಹಿಂದೆ ಓಡಿಸುವ ದೋಣಿ ಹತ್ತಬೇಡಿ. ದೂರದಲ್ಲೇ ನಿಲ್ಲಿಸಿ ಇಂಜಿನ್ ನಿಧಾನ ಮಾಡಿ ಅಂತ ಮೊದಲೇ ಹೇಳಿ. ಮರಿ ಜೊತೆಗಿದ್ದರೆ ಹತ್ತಿರ ಹೋಗುವುದೇ ಬೇಡ. ಜಾಸ್ತಿ ದುಡ್ಡು ಕೊಡ್ತೀನಿ, ಹತ್ತಿರ ತಗೊಂಡು ಹೋಗಿ ಅನ್ನುವವರು ಪ್ರವಾಸಿಗರೇ ಹೊರತು ದೋಣಿಯವರಲ್ಲ.