ಪ್ರತಿನಿಧಿ ಬದಲಾಗಬೇಕೆಂದರೆ ಮೊದಲು ಪೆನ್ನು ಕೈ ಬದಲಿಸಲಿ

ಪತ್ರ: ನಮ್ಮದು 14 ಹೆಣ್ಣುಮಕ್ಕಳ ಸ್ವಸಹಾಯ ಸಂಘ, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಎಂಟು ವರ್ಷದಿಂದ ಒಬ್ಬರೇ ಪ್ರತಿನಿಧಿ. ಪುಸ್ತಕ, ಪೆಟ್ಟಿಗೆ, ಬ್ಯಾಂಕಿನ ಓಡಾಟ ಎಲ್ಲವೂ ಅವರದೇ. ಬದಲಾಯಿಸೋಣ ಅಂದರೆ, "ಬರಿಯಾಕ ಯಾರಿಗೆ ಬರ್ತೈತಿ? ಬ್ಯಾಂಕಿನವರೂ ಒಪ್ಪಂಗಿಲ್ಲ" ಅಂತಾರೆ. 10,000 ಸಾಲ ಪಡೆದವರು ಹತ್ತು ತಿಂಗಳ ಕಂತಿನಲ್ಲಿ 2,000 ಬಡ್ಡಿ ಕಟ್ಟುತ್ತಿದ್ದೇವೆ. ಇದು ಸರಿಯೇ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಬ್ಯಾಂಕಿನ ಮಾತನ್ನು ಮೊದಲು ಮುಗಿಸೋಣ, ಅದು ಸಣ್ಣ ಕೆಲಸ. ಖಾತೆ ಇರುವುದು ಸಂಘದ ಹೆಸರಿನಲ್ಲಿ, ಪ್ರತಿನಿಧಿಯ ಹೆಸರಿನಲ್ಲಲ್ಲ. ಸಭೆಯಲ್ಲಿ ಠರಾವು ಬರೆದು, ಯಾರ ಸಹಿ ಹೋಗುತ್ತದೆ, ಯಾರದು ಬರುತ್ತದೆ ಎಂದು ಹೆಸರು ಹಾಕಿ, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಅದರ ನಕಲಿನ ಜೊತೆ ಹೊಸಬರ ಫೋಟೊ, ಆಧಾರ್, ಪ್ಯಾನ್ ಕೊಂಡೊಯ್ಯಿರಿ. ಹದಿನಾಲ್ಕು ಜನರ ಕೆವೈಸಿ ಬೇಕಿಲ್ಲ, ಪದಾಧಿಕಾರಿಗಳದ್ದು ಸಾಕು. ಹಳೆಯ ಪ್ರತಿನಿಧಿಯೂ ಠರಾವಿಗೆ ಸಹಿ ಹಾಕಿದ್ದರೆ ಶಾಖೆಯಲ್ಲಿ ತಕರಾರು ಏಳುವುದು ಕಡಿಮೆ.

"ಬರೆಯಲು ಯಾರಿಗೆ ಬರುತ್ತದೆ" ಎಂಬುದೇ ನಿಜವಾದ ಗಂಟು. 2000ದ ಸುಮಾರಿಗೆ ಸ್ತ್ರೀಶಕ್ತಿ ಸಂಘಗಳು ಹುಟ್ಟಿದಾಗ ಬಹಳ ಊರುಗಳಲ್ಲಿ ಪುಸ್ತಕ ಬರೆದವರು ಅಂಗನವಾಡಿ ಕಾರ್ಯಕರ್ತೆಯರು. ಆಮೇಲೆ ಅದು ನಾಲ್ಕಕ್ಷರ ಕಲಿತ ಒಬ್ಬಳ ಕೈಗೆ ಬಂತು, ಅಲ್ಲೇ ಉಳಿಯಿತು. ಯಾರ ಕೈಯಲ್ಲಿ ಪೆನ್ನೋ ಅವರೇ ಯಜಮಾನಿ. ಆದರೆ ಬರೆಯುವುದು ಬೇರೆ, ಸಂಘ ನಡೆಸುವುದು ಬೇರೆ. ಓದು ಬಾರದವರು ಅಧ್ಯಕ್ಷೆಯಾಗಬಹುದು. ಸಾಲ ಮೊದಲು ಯಾರಿಗೆ ಎಂಬ ಜಗಳ ಬಿಡಿಸಲು ಅಕ್ಷರ ಬೇಕಿಲ್ಲ.

ಆದ್ದರಿಂದ ನಾಲ್ಕು ಕೆಲಸ ನಾಲ್ವರಿಗೆ ಹೋಗಲಿ. ಬರೆಯುವವರಿಗೆ ಸಹಿಯ ಅಧಿಕಾರ ಬೇಡ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಮನೆಯಲ್ಲಿ ಇರಲಿ. ಹೊಸ ಬರಹಗಾರ್ತಿಗೆ ಮೂರು ತಿಂಗಳು ಕೊಡಿ. ಮೊದಲ ತಿಂಗಳು ಹಾಜರಿ ಮತ್ತು ನಡವಳಿ ಮಾತ್ರ. ಎರಡನೆಯ ತಿಂಗಳು ಹಳಬರು ಹೇಳುತ್ತಾ ಹೋಗಲಿ, ಹೊಸಬರು ನಗದು ಪುಸ್ತಕ ಬರೆಯಲಿ. ಮೂರನೆಯ ತಿಂಗಳು ಹಳಬರು ನೋಡುವುದಷ್ಟೇ. ಯಾರದಾದರೂ ಕಾಲೇಜು ಓದುವ ಮಗಳಿಗೆ ಒಪ್ಪಿಸುವುದು ಸುಲಭವೇನೋ ಹೌದು. ಮದುವೆಯಾಗಿ ಹೋದ ದಿನ ಸಂಘ ಮತ್ತೆ ಇದೇ ಜಾಗಕ್ಕೆ ಬರುತ್ತದೆ. ಕಲಿಸಿದರೆ ಸದಸ್ಯರಿಗೇ ಕಲಿಸಿ, ಅದೂ ಇಬ್ಬರಿಗೆ.

ಕೈ ಬದಲಾಗುವ ದಿನ ಲೆಕ್ಕ ತಾಳೆಯಾಗಬೇಕು. ಇದನ್ನು ಬಿಟ್ಟರೆ ಹಳೆಯ ಕೊರತೆ ಹೊಸಬರ ತಲೆಗೆ ಬರುತ್ತದೆ. ಮೊದಲ ವಾರದಿಂದ ತಪ್ಪದೆ ಕಟ್ಟಿದ್ದರೆ ನಿಮ್ಮ ಉಳಿತಾಯ 416 ವಾರಕ್ಕೆ 2,91,200 ರೂಪಾಯಿ. ಉದಾಹರಣೆಗೆ, ಖರ್ಚು ಕಳೆದು ಉಳಿದ ಬಡ್ಡಿ 60,000, ಸರ್ಕಾರದಿಂದ ಬಂದ ಸುತ್ತುನಿಧಿ 15,000 ಅಂದುಕೊಳ್ಳಿ. ಬ್ಯಾಂಕ್ ಸಾಲ ಇಲ್ಲದಿದ್ದರೆ ಒಟ್ಟು ಇರಬೇಕಾದದ್ದು 3,66,200. ಸದಸ್ಯರ ಮೇಲಿನ ಸಾಲ 2,90,000, ಬ್ಯಾಂಕಿನಲ್ಲಿ 68,000, ಪೆಟ್ಟಿಗೆಯಲ್ಲಿ ಎಣಿಸಿದ್ದು 4,200 ಆದರೆ 3,62,200. ಎಂದರೆ 4,000 ಕೊರತೆ. ಕೂಡಲೇ ಕಳವೆಂದು ಕೂಗಬೇಡಿ. ಬ್ಯಾಂಕ್ ಕಡಿತ, ಬಸ್ ಚಾರ್ಜು, ಬರೆಯದೆ ಬಿಟ್ಟ ಖರ್ಚು ಮೊದಲು ಹುಡುಕಿ.

ಇನ್ನೊಂದು ತಪ್ಪು ಈ ತಾಳೆಗೂ ಸಿಗುವುದಿಲ್ಲ. ಕಟ್ಟಿದ ಅಸಲನ್ನು ಬಡ್ಡಿ ಎಂದು ಬರೆದರೆ ಎರಡೂ ಕಡೆ ಮೊತ್ತ ಸಮವಾಗಿಯೇ ಬರುತ್ತದೆ, ಆದರೆ ಆ ಹೆಣ್ಣುಮಗಳ ಸಾಲ ಇಳಿದಿರುವುದಿಲ್ಲ. ಅದಕ್ಕೆ ಮದ್ದು ಒಂದೇ: ಹದಿನಾಲ್ಕೂ ಪಾಸ್ ಬುಕ್ ತರಿಸಿ, ಲೆಡ್ಜರಿನ ಒಂದೊಂದು ಪುಟಕ್ಕೂ ಹೋಲಿಸಿ, ಸಾಲ ಇಷ್ಟು ಉಳಿದಿದೆ ಎಂದು ಎಲ್ಲರೆದುರು ಓದಿ ಹೇಳುವುದು. ಓದು ಬಾರದವರಿಗೂ ತಾವು ಕಟ್ಟಿದ್ದು ನೆನಪಿರುತ್ತದೆ. ತಪ್ಪು ಹಿಡಿಯುವವರು ಹೆಚ್ಚಾಗಿ ಅವರೇ.

ಬಡ್ಡಿ ವಿಷಯ. ತಿಂಗಳಿಗೆ ನೂರಕ್ಕೆ ಎರಡು ಎಂಬುದು ನಿಮ್ಮ ದರ. ತಿಂಗಳಿಗೆ 1,000 ಅಸಲು ತೀರುತ್ತಿದ್ದರೆ ಬಡ್ಡಿ ಉಳಿದ ಸಾಲದ ಮೇಲೆ ಮಾತ್ರ ಬೀಳಬೇಕು: ಮೊದಲ ತಿಂಗಳು 200, ಆಮೇಲೆ 180, ಕೊನೆಯ ತಿಂಗಳು 20, ಒಟ್ಟು 1,100. ನೀವು ಕಟ್ಟುತ್ತಿರುವುದು ಪೂರ್ತಿ 10,000ದ ಮೇಲೆ. 900 ರೂಪಾಯಿ ಹೆಚ್ಚು. ಅದು ಸಂಘದ ನಿಧಿಗೇ ಸೇರುತ್ತದೆ ನಿಜ, ಆದರೆ ಹೆಚ್ಚು ಸಾಲ ಮಾಡುವ ಬಡವರ ಹಣ ಸಾಲ ಮಾಡದವರ ಪಾಲಿಗೂ ಹಂಚಿಹೋಗುತ್ತದೆ. ಇಳಿಕೆ ಬಡ್ಡಿಗೆ ಬದಲಾಯಿಸಲು ಒಂದು ಠರಾವು ಸಾಕು.

ಬ್ಯಾಂಕ್ ಸಾಲಕ್ಕೂ ಇದೇ ಪುಸ್ತಕ ಆಧಾರ. ಸಂಘ ಆರು ತಿಂಗಳು ಸಕ್ರಿಯವಾಗಿದೆಯೇ ಎಂದು ನೋಡುವುದು ಲೆಕ್ಕಪುಸ್ತಕದಿಂದ, ಖಾತೆ ತೆರೆದ ತಾರೀಖಿನಿಂದಲ್ಲ. ಕೇಂದ್ರದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ನಿಯಮದಂತೆ ಮೊದಲ ಸಾಲ ಸಂಘದ ನಿಧಿಯ (ಉಳಿತಾಯ, ಬಡ್ಡಿ, ಸುತ್ತುನಿಧಿ ಸೇರಿದ ಮೊತ್ತ) ಆರು ಪಟ್ಟು ಅಥವಾ ಒಂದೂವರೆ ಲಕ್ಷ, ಯಾವುದು ಹೆಚ್ಚೋ ಅದು. ಹತ್ತು ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ಉಳಿತಾಯ ಖಾತೆಯ ಹಣವನ್ನು ಹಿಡಿದಿಡುವಂತಿಲ್ಲ. ದೀಪಾವಳಿಗೆ ಉಳಿತಾಯ ಹಂಚಿಕೊಳ್ಳೋಣ ಎಂದು ಯಾರಾದರೂ ಎತ್ತಿದರೆ ಈ ಆರು ಪಟ್ಟಿನ ಲೆಕ್ಕ ತೋರಿಸಿ.

ಹಳೆಯ ಪ್ರತಿನಿಧಿಯನ್ನು ದೂರ ಇಡಬೇಡಿ, ಎಂಟು ವರ್ಷ ಬ್ಯಾಂಕಿಗೆ ಓಡಾಡಿದವರು. ಒಂದು ವರ್ಷ ಪುಸ್ತಕ ತಪಾಸಣೆ ಅವರಿಗೇ ಕೊಡಿ. ಅವರ ಸ್ವಂತ ಸಾಲದ ಪುಟವನ್ನು ಮಾತ್ರ ಬೇರೊಬ್ಬರು ನೋಡಲಿ.