ಎರಡು ವರ್ಷದ ಮಗುವಿಗೆ ಅಕ್ಷರಗಳಲ್ಲಿ ಆಸಕ್ತಿ ಮೂಡಿದ್ದರೆ ಅದನ್ನು ಬೆಳೆಸುವುದು ಹೇಗೆ?

ಎರಡು ವರ್ಷದ ಮಗು ಪುಸ್ತಕದ ಅಕ್ಷರಗಳ ಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳತೊಡಗಿದರೆ ಸಂತೋಷದಿಂದ ಉತ್ತರಿಸಿ, ಆದರೆ 49 ಅಕ್ಷರಗಳ ವರ್ಣಮಾಲೆಯನ್ನು ಕ್ರಮವಾಗಿ ಬಾಯಿಪಾಠ ಮಾಡಿಸಲು ಹೋಗಬೇಡಿ. ಓದಿನ ಬೇರು ಇರುವುದು ಕಣ್ಣಿಗಿಂತ ಮೊದಲು ಕಿವಿಯಲ್ಲಿ: ಮಾತು ಸಣ್ಣ ಸಣ್ಣ ಧ್ವನಿಗಳಿಂದ ಕೂಡಿದೆ ಎಂಬುದನ್ನು ಗುರುತಿಸಬಲ್ಲ ಮಗುವಿಗೆ ಮುಂದೆ ಅಕ್ಷರಗಳು ಸುಲಭವಾಗಿ ಒಲಿಯುತ್ತವೆ. ಆದ್ದರಿಂದ ಪ್ರಾಸವಿರುವ ಶಿಶುಗೀತೆಗಳನ್ನು ಹಾಡಿ, "ಮರ" ಎನ್ನುವಾಗ ಎರಡು, "ಚಂದಿರ" ಎನ್ನುವಾಗ ಮೂರು ಚಪ್ಪಾಳೆ ತಟ್ಟಿ, "ಮರ, ಮನೆ, ಮಳೆ ಎಲ್ಲವೂ 'ಮ'ದಿಂದಲೇ ಶುರುವಾಗುತ್ತವಲ್ಲ!" ಎಂದು ಅಚ್ಚರಿಪಟ್ಟು ಹೇಳಿ. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಉಚ್ಚಾರವೂ ಒಂದೇ ಆಗಿರುವುದು ನಮಗೆ ದೊಡ್ಡ ಅನುಕೂಲ.

ಬರಹರೂಪದಲ್ಲಿ ಮೊದಲು ಮಗುವಿನ ಹೆಸರಿನ ಮೊದಲ ಅಕ್ಷರವನ್ನೇ ತೋರಿಸಿ. ತನ್ನದೆಂಬ ಅಭಿಮಾನದಿಂದ ಅದು ಆ ಅಕ್ಷರವನ್ನು ಕಂಡಕಂಡಲ್ಲಿ ಹುಡುಕುತ್ತದೆ. ಕಥೆ ಓದುವಾಗ ಸಾಲಿನ ಕೆಳಗೆ ನಿಧಾನವಾಗಿ ಬೆರಳು ಓಡಿಸಿ. "ಮರ" ಎನ್ನಲು ಹೋಗಿ "ಮಲ" ಎಂದರೆ ಗದರಿಸಬೇಡಿ, ಈ ವಯಸ್ಸಿಗೆ ಅದು ಸಹಜ, "ಹೌದು, ಮರ!" ಎಂದು ನೀವೇ ಸ್ಪಷ್ಟವಾಗಿ ಮರುನುಡಿದರೆ ಸಾಕು. ಬೆರಳಿನ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಪೆನ್ಸಿಲ್ ಹಿಡಿಸುವ ಅವಸರ ಖಂಡಿತ ಬೇಡ, ಮರಳಿನಲ್ಲಿ ಗೀಚಲು ಬಿಡಿ. ಮಗು ಮುಖ ತಿರುಗಿಸಿದೊಡನೆ ಪುಸ್ತಕ ಮುಚ್ಚಿಬಿಡಿ.