ಹಸಿವು ಗೊತ್ತಾಗದಿರಲಿ ಅಂತ ಹಚ್ಚಿದ ತಂಬಾಕು

ನಿಪ್ಪಾಣಿ, ಚಿಕ್ಕೋಡಿ ಕಡೆಯ ಗರ್ಭಿಣಿಯರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಪ್ರಕರಣ ಬರೆಯುತ್ತಿರುವುದಕ್ಕೆ ಕಾರಣ, ಇದು ಮತ್ತೆ ಮತ್ತೆ ನನ್ನ ಮುಂದೆ ಬಂದು ಕೂರುತ್ತದೆ. ಹೆಸರು, ಊರು ಬೇರೆ ಇರುತ್ತವೆ, ಉಳಿದದ್ದು ಹೆಚ್ಚುಕಡಿಮೆ ಅದೇ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಯನ್ನು ಕಮಲಾ ಅನ್ನೋಣ.

ವಯಸ್ಸು ಇಪ್ಪತ್ತಮೂರು. ಎರಡನೇ ಬಸಿರು, ಐದು ತಿಂಗಳು. ಮನೆಯಲ್ಲೇ ಬೀಡಿ ಕಟ್ಟುತ್ತಾಳೆ. ಗಂಡ ಟೆಂಪೋ ಓಡಿಸುತ್ತಾನೆ. ಮೊದಲ ಮಗಳು ಹುಟ್ಟಿದಾಗ 1.9 ಕೆಜಿ ಇದ್ದಳು; 2.5 ಕೆಜಿಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಮಗು ಅಂತ ಲೆಕ್ಕ. ಈಗ ಕಮಲಾಳ ಹಿಮೋಗ್ಲೋಬಿನ್ 8.2. ಬಸುರಿಗೆ 11 ಆದರೂ ಇರಬೇಕು. ಆಶಾ ಕಾರ್ಯಕರ್ತೆ ಆಕೆಯನ್ನು ಕರೆತಂದದ್ದು ಮಾತ್ರ ಬೇರೆ ದೂರಿನ ಮೇಲೆ: "ದಿನಾ ನಾಕೈದು ಸಲ ಮಿಶ್ರಿ ಹಚ್ತಾಳ್ರಿ. ಹೇಳಿ ಹೇಳಿ ಸಾಕಾಗೇತಿ."

ಮಿಶ್ರಿ ಅಂದರೆ ತಂಬಾಕನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಹಲ್ಲಿಗೆ, ಒಸಡಿಗೆ ತಿಕ್ಕುತ್ತಾರೆ. ನಮ್ಮ ಗಡಿ ಭಾಗದಲ್ಲಿ ಸಿಗರೇಟಿನ ಹೊಗೆ ಕಂಡರೆ ಸೆರಗು ಮುಚ್ಚಿಕೊಳ್ಳುವ ಹೆಂಗಸರೂ ಇದನ್ನು ತಂಬಾಕು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಲ್ಲು ತಿಕ್ಕುವ ಪುಡಿ, ಅಷ್ಟೆ. ಆದರೆ ಅದರ ನಿಕೋಟಿನ್ ಒಸಡಿನಿಂದ ನೇರ ರಕ್ತಕ್ಕೆ ಇಳಿಯುತ್ತದೆ. ರಕ್ತನಾಳ ಬಿಗಿಯುತ್ತದೆ, ಮಾಸುಚೀಲದ ಕಡೆ ಹೋಗುವ ರಕ್ತ ಕಡಿಮೆಯಾಗುತ್ತದೆ, ನಿಕೋಟಿನ್ ಕೂಸಿನವರೆಗೂ ಹೋಗುತ್ತದೆ. ಹೊಗೆ ಇಲ್ಲದ ತಂಬಾಕಿನಿಂದಲೂ ಕಡಿಮೆ ತೂಕ, ದಿನ ತುಂಬುವ ಮುಂಚೆ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಹೋಗುವುದು, ಎಲ್ಲದರ ಅಪಾಯ ಜಾಸ್ತಿ.

ಇದನ್ನೆಲ್ಲ ಆಶಾ ಆಗಲೇ ಹೇಳಿದ್ದಳು. ನಾನೂ ಅದನ್ನೇ ಹೇಳಿ ಏನು ಉಪಯೋಗ? "ಬಿಡು" ಅನ್ನುವುದಕ್ಕೆ ಮುಂಚೆ "ಯಾವಾಗ ಹಚ್ತೀ" ಅಂತ ಕೇಳುವುದು ನನ್ನ ರೂಢಿ. ಬೆಳಗಿನಿಂದ ಒಂದೊಂದಾಗಿ ಹೇಳಿಸಿದೆ. ಎದ್ದ ಕೂಡಲೆ ಒಂದು ಸಲ. ರೊಟ್ಟಿ ಬಡಿದು ಮುಗಿದ ಮೇಲೆ ಒಂದು. ಆಮೇಲೆ ಹನ್ನೊಂದಕ್ಕೆ, ಮತ್ತೆ ಹನ್ನೆರಡೂವರೆಗೆ.

"ಹನ್ನೊಂದಕ್ಕ ಯಾಕ ತಂಗಿ?"

"ಆಗ ಹಸಿವಿ ಆಗ್ತೈತ್ರಿ ಅಕ್ಕಾರ. ಒಂದ್ಚೂರು ಹಚ್ಚಿದ್ರ ಗೊತ್ತಾಗಂಗಿಲ್ಲ."

ಮುಂಜಾನೆ ಐದಕ್ಕೆ ಏಳುವ ಹೆಣ್ಣುಮಗಳು, ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಗಂಡ, ಮಾವ, ಮೈದುನ, ಅತ್ತೆ, ಮಗಳು, ಎಲ್ಲರದ್ದೂ ಆದ ಮೇಲೆ ಎರಡು ಗಂಟೆಗೆ ಊಟ. ಅಷ್ಟೊತ್ತಿಗೆ ಪಲ್ಯೆ ತಳ ಕಂಡಿರುತ್ತದೆ. ರೊಟ್ಟಿ, ಖಾರ, ಉಳಿದರೆ ಬ್ಯಾಳಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿ ಊಟ 2017ರಿಂದ ಇದೆ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸಹಿತ. ಯಾಕೆ ಹೋಗಲ್ಲ ಅಂದರೆ, ಎದ್ದು ಹೋದರೆ ಬೀಡಿ ಲೆಕ್ಕ ಹಿಂದೆ ಬೀಳುತ್ತದೆ. ಮತ್ತೆ ಮಂದಿ "ಮನ್ಯಾಗ ಕೂಳಿಲ್ಲೇನ" ಅಂತಾರೆ.

ಹೊರಗೆ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ಕಮಲಾಳ ಒಪ್ಪಿಗೆ ಕೇಳಿ ಅವರನ್ನೂ ಒಳಗೆ ಕರೆದೆ. ಬಂದವರೇ, "ನಾ ನಾಕ್ ಹಡದೀನ್ರಿ. ಮಿಶ್ರಿ ಹಚ್ಚಿಕೋತನ ಹಡದೀನಿ" ಅಂದರು. ಆ ವಾದಕ್ಕೆ ನಾನು ಇಳಿಯಲಿಲ್ಲ. ತಂಬಾಕಿನ ವಿಷಯವನ್ನೇ ಬಿಟ್ಟು ಊಟದ ಹೊತ್ತು ಕೇಳಿದೆ. ಅವರಿಗೆ ಸಿಟ್ಟು ಬಂತು.

"ರೊಟ್ಟಿ ಬುಟ್ಟ್ಯಾಗ ಇರ್ತಾವ್ರಿ. ಉಣಬ್ಯಾಡ ಅಂತ ಯಾರ್ ಅಂದಾರ?"

ಕಮಲಾ ತಲೆ ಎತ್ತಲಿಲ್ಲ. "ಉಣ್ಣ ಅಂತನೂ ಯಾರೂ ಅಂದಿಲ್ರಿ" ಅಂದಳು.

ಅತ್ತೆ ಕೆಟ್ಟವರಲ್ಲ. ಅವರು ಸುಳ್ಳು ಹೇಳಿದ್ದೂ ಅಲ್ಲ. ಆ ಮನೆಯಲ್ಲಿ ಯಾರೂ ಊಟ ಕಸಿದುಕೊಂಡಿಲ್ಲ. ಸೊಸೆ ಕೊನೆಗೆ ಉಣ್ಣುವುದು ಅಲ್ಲಿನ ಪದ್ಧತಿ, ಅಷ್ಟೆ. ಅದನ್ನು ಯಾರೂ ಮಾಡಿದ್ದಲ್ಲ, ಹಾಗಾಗಿ ಯಾರೂ ನಿಲ್ಲಿಸುವುದೂ ಇಲ್ಲ. ಬಾಣಂತಿಗೆ ತುಪ್ಪ, ಉತ್ತತ್ತಿ, ಕೊಬ್ಬರಿ ಸುರಿದು ಅಂಟಿನ ಉಂಡಿ ಕಟ್ಟುವ ಮನೆಗಳಿವು. ಕುಬಸಕ್ಕೆ ಸಾಲ ಮಾಡಿ ಸೀರೆ ತರುತ್ತಾರೆ. ಬಡತನ ಇದೆ, ಇಲ್ಲ ಅನ್ನಲ್ಲ. ಆದರೆ ಹೆರಿಗೆ ಆದ ಮೇಲೆ ಸಿಗುವ ಆ ಅಕ್ಕರೆ ನಾಲ್ಕು ತಿಂಗಳು ಮುಂಚೆ ಬಂದರೆ ಖರ್ಚೇನೂ ಜಾಸ್ತಿ ಆಗುವುದಿಲ್ಲ.

ಸ್ವಲ್ಪ ಹೊತ್ತಿನ ನಂತರ ಕಮಲಾ ಇನ್ನೊಂದು ಕೇಳಿದಳು. "ಮೊದಲನೇದು ನನ್ನಿಂದನ ಸಣ್ಣದಾತೇನ್ರಿ?"

ಇಂಥ ಹೊತ್ತಲ್ಲಿ "ಹಾಗೇನಿಲ್ಲ ಬಿಡು" ಅನ್ನುವುದು ಸುಲಭ. ನಾನು ಅನ್ನಲಿಲ್ಲ. ತಂಬಾಕಿನ ಪಾಲು ಇರಬಹುದು ಅಂದೆ. ರಕ್ತ ಕಡಿಮೆ ಇದ್ದದ್ದೂ ಇರಬಹುದು. ರೊಟ್ಟಿ ಒಲೆಯ ಹೊಗೆಯೂ ಇರಬಹುದು. ಅದರ ಕಾರ್ಬನ್ ಮಾನಾಕ್ಸೈಡ್ ತಾಯಿಯ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಒಂದು ಮಗುವಿನ ವಿಷಯದಲ್ಲಿ ಇಂಥದ್ದೇ ಕಾರಣ ಅಂತ ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಆದರೆ ಇವುಗಳಲ್ಲಿ ನಿನ್ನ ಒಬ್ಬಳ ಕೈಯಲ್ಲಿ ಇದ್ದದ್ದು ಎಷ್ಟು? ಆ ಮಾತನ್ನು ಅತ್ತೆಯ ಎದುರೇ ಹೇಳಿದೆ.

ಗರ್ಭಿಣಿಯ ಆಹಾರದ ಬಗ್ಗೆ ಮಾತಾಡುವವರೆಲ್ಲ ಡಚ್ ಬರಗಾಲದ ಕಥೆ ಹೇಳುತ್ತಾರೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೈನ್ಯ ನೆದರ್ಲೆಂಡ್ಸ್‌ನ ಪಶ್ಚಿಮ ಭಾಗಕ್ಕೆ ಆಹಾರ ಹೋಗದಂತೆ ತಡೆಯಿತು. ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗೆ ಇಳಿಯಿತು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಸಿದವರ ಮಕ್ಕಳು ಸಣ್ಣಗೆ ಹುಟ್ಟಿದರು. ಮೊದಲ ತಿಂಗಳುಗಳಲ್ಲಿ ಹಸಿದವರ ಮಕ್ಕಳಿಗೆ ದೊಡ್ಡವರಾದ ಮೇಲೆ ಹೃದ್ರೋಗ ಜಾಸ್ತಿ ಕಂಡಿತು, ತೂಕ ಸರಿಯಾಗೇ ಹುಟ್ಟಿದ್ದರೂ. ಇಷ್ಟು ಎಲ್ಲರೂ ಹೇಳುತ್ತಾರೆ. ನನಗೆ ಅನಿಸುವುದು ಇನ್ನೊಂದು. ಆ ತಾಯಂದಿರಿಗೆ "ನೀವು ಸರಿಯಾಗಿ ಉಣ್ಣಲಿಲ್ಲ" ಅಂತ ಯಾರೂ ಉಪದೇಶ ಮಾಡುವುದಿಲ್ಲ. ಊಟ ತಡೆದವರು ಯಾರು ಅಂತ ಎಲ್ಲರಿಗೂ ಗೊತ್ತು. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತ ಕಡಿಮೆ. ಆದರೂ ನಮ್ಮ ಉಪದೇಶವೆಲ್ಲ ಒಬ್ಬಳಿಗೇ. ಕೇಸರಿ ಹಾಲು ಕುಡಿ, ಒಳ್ಳೆಯದನ್ನೇ ಯೋಚಿಸು, ಗ್ರಹಣದಲ್ಲಿ ಚಾಕು ಮುಟ್ಟಬೇಡ. ಮಗುವಿಗೆ ಏನಾದರೂ ಆದರೆ ಅವಳೇ ಹೊಣೆ.

ಅದಕ್ಕೇ ನನ್ನ ಸಲಹೆಯ ಮೊದಲ ಮಾತು ಅತ್ತೆಗಿತ್ತು. ಮುಂಜಾನೆ ಎಂಟಕ್ಕೆ ನೀವು ತಾಟು ಹಾಕಿಕೊಂಡಾಗ ಸೊಸೆಯದ್ದೂ ಹಾಕಿ, ಎದುರು ಕೂಡಿಸಿಕೊಳ್ಳಿ. ಹನ್ನೊಂದಕ್ಕೆ ಒಂದು ಹಿಡಿ ಹುರಿದ ಶೇಂಗಾ, ಚೂರು ಬೆಲ್ಲ. ಎರಡು ಜೀವ ಅಂತ ಎರಡರಷ್ಟು ತಿನ್ನಬೇಕಾಗಿಲ್ಲ. ಈ ತಿಂಗಳುಗಳಲ್ಲಿ ದಿನಕ್ಕೆ ಸುಮಾರು 350 ಕ್ಯಾಲೊರಿ ಜಾಸ್ತಿ ಸಾಕು. ಎರಡು ರೊಟ್ಟಿ, ಒಂದು ಬಟ್ಟಲು ಹೆಸರುಕಾಳಿನ ಪಲ್ಯೆ ಅಂದರೆ ಹತ್ತಿರ ಹತ್ತಿರ ಅಷ್ಟಾಯಿತು.

ಕಮಲಾ ಕಬ್ಬಿಣದ ಕೆಂಪು ಗುಳಿಗೆಯನ್ನು ಚಹಾ ಜೊತೆ ನುಂಗುತ್ತಿದ್ದಳು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ನಿಂಬೆ ನೀರಿನ ಜೊತೆ ತಗೋ, ಚಹಾಕ್ಕೂ ಗುಳಿಗೆಗೂ ನಡುವೆ ಒಂದೆರಡು ಗಂಟೆ ಬಿಡು, ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ ಅಂದೆ. ವೈದ್ಯರು ದಿನಕ್ಕೆ ಎರಡು ಬರೆದಿದ್ದರು. ಸಂಡಾಸ ಕಪ್ಪಗಾದರೆ ಹೆದರಬೇಡ ಅಂತಲೂ ಹೇಳಿದೆ. ಗುಳಿಗೆ ಬಿಡುವವರಲ್ಲಿ ಎಷ್ಟೋ ಮಂದಿ ಅಲ್ಲೇ ಬಿಡುತ್ತಾರೆ.

ಮಿಶ್ರಿ ಡಬ್ಬಿ ಕೊನೆಗೆ ಬಂತು. ಊಟದ ಹೊತ್ತು ಸರಿಯಾದರೆ ಹನ್ನೊಂದರದ್ದು, ಹನ್ನೆರಡೂವರೆಯದ್ದು ಮೊದಲು ಬಿಡಬಹುದು. ಬೆಳಗಿನದು ಗಟ್ಟಿ. ಅದಕ್ಕೆ ತಂಬಾಕಿಲ್ಲದ ಪೇಸ್ಟು, ಬಾಯಿಗೆ ಬಡೇಸೋಪು. ಆಸೆ ಎದ್ದರೆ ಕೆಲವೇ ನಿಮಿಷ ಇರುತ್ತದೆ, ಅಷ್ಟು ಹೊತ್ತು ಎದ್ದು ಅಂಗಳಕ್ಕೆ ಹೋಗು. ಒಸಡು ನೋವಿಗೆ ಹಲ್ಲಿನ ಡಾಕ್ಟರಿಗೆ ತೋರಿಸು. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ರ ಸಂಖ್ಯೆಯನ್ನು ಗಂಡನ ಫೋನಿನಲ್ಲೇ ಹಾಕಿಸಿದೆ. ಅವನೂ ಗುಟ್ಕಾ ತಿನ್ನುತ್ತಾನೆ, ಮಾತಾಡಿದರೆ ಇಬ್ಬರೂ ಮಾತಾಡಲಿ.

ಬೀಡಿ ಕಟ್ಟುವುದನ್ನು ಬಿಡು ಅಂತ ಯಾಕೆ ಹೇಳಲಿಲ್ಲ ಅಂತ ನಮ್ಮಲ್ಲೇ ಕೆಲವರು ಕೇಳಿದರು. ತಂಬಾಕಿನ ದೂಳು ದಿನವಿಡೀ ಮೂಗಿನಲ್ಲಿ, ಬೆರಳಲ್ಲಿ ಇರುತ್ತದೆ, ನಿಜ. ಆದರೆ ಆ ಮನೆಯಲ್ಲಿ ಅವಳ ಕೈಗೆ ಬರುವ ದುಡ್ಡು ಅದೊಂದೇ. ಅದೂ ನಿಂತರೆ ಊಟದಲ್ಲಿ ಅವಳ ಸರದಿ ಇನ್ನೂ ಹಿಂದೆ ಹೋಗುತ್ತಿತ್ತು ಅಂತ ನನ್ನ ಅಂದಾಜು. ಮಲಗುವ ಕೋಣೆಯಿಂದ ತಂಬಾಕು ಹೊರಗಿಡು, ಪಡಸಾಲೆಯಲ್ಲಿ ಗಾಳಿಗೆ ಕೂತು ಕಟ್ಟು, ಮೂಗಿಗೆ ಬಟ್ಟೆ ಕಟ್ಟಿಕೋ, ಉಣ್ಣುವ ಮುಂಚೆ ಸಾಬೂನಿನಿಂದ ಕೈ ತೊಳೆ. ಇಷ್ಟೇ ಹೇಳಿದೆ. ಈಗ ಕೇಳಿದರೂ ಇಷ್ಟೇ ಹೇಳುತ್ತೇನೆ.

ಎಂಟನೇ ತಿಂಗಳಿಗೆ ಹಿಮೋಗ್ಲೋಬಿನ್ 10.1ಕ್ಕೆ ಬಂತು. ಒಲೆ ಬದಲಾಗಲಿಲ್ಲ, ಸಿಲಿಂಡರ್ ಮೂಲೆಯಲ್ಲೇ ಇದೆ, ರೊಟ್ಟಿ ಒಲೆಯ ಮೇಲೇ ಆಗಬೇಕು ಅಂತ ಮಾವ. ದಿನ ತುಂಬಿ ಗಂಡು ಮಗು ಹುಟ್ಟಿತು, 2.4 ಕೆಜಿ. ಪುಸ್ತಕದ ಲೆಕ್ಕಕ್ಕೆ ಇದೂ ಕಡಿಮೆ ತೂಕವೇ.

ಹೆರಿಗೆಯಾದ ಮೂರನೇ ವಾರಕ್ಕೆ ಕಮಲಾ ಮತ್ತೆ ಮಿಶ್ರಿ ಹಚ್ಚತೊಡಗಿದ್ದಾಳೆ ಅಂತ ಆಶಾ ಫೋನು ಮಾಡಿದಳು. ಬೆಳಗ್ಗೆ ಒಂದೇ ಸಲ ಅಂತೆ. ನಿಕೋಟಿನ್ ಎದೆಹಾಲಿಗೂ ಹೋಗುತ್ತದೆ, ಹಾಗಂತ ಹಾಲು ಬಿಡಿಸುವುದು ಬೇಡ ಅಂತ ಹೇಳಿದ್ದೇನೆ. ಆರನೇ ವಾರದ ಲಸಿಕೆಗೆ ಬರುತ್ತಾಳೆ. ಅತ್ತೆಯನ್ನೂ ಕರೆದುಕೊಂಡು ಬಾ ಅಂದಿದ್ದೇನೆ.